ಬಣ್ಣದ ಕೆಳಗಿನ ಬೆಸುಗೆ

ಜುಮಾ ನಮಾಝ್ ಮುಗಿದು ಜನರು ಚದುರಿದ ಮೇಲೆಯೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಸೀದಿಯ ಅಂಗಳದಲ್ಲಿ ಕಾಯುತ್ತ ನಿಂತಿದ್ದನು. ಹದಿನೈದು ವರ್ಷಗಳ ಹಿಂದೆ ಮದ್ರಸಾದಲ್ಲಿ ನನ್ನೆದುರು ಕುಳಿತು ಅಲಿಫ್, ಬಾ ಕಲಿತ ಹುಡುಗನು ಅವನು. ಈಗ ನಲ್ಲೂರಿನ ಹೊರಭಾಗದ ತಗಡಿನ ಶೆಡ್ಡೊಂದರಲ್ಲಿ ಕಾರುಗಳ ಟಿಂಕರಿಂಗ್ ಕೆಲಸ ಮಾಡುತ್ತಾನೆ.

"ಹಜ್ರತ್, ಒಂದು ಮಸ್‌ಅಲಾ ಕೇಳಬೇಕಿತ್ತು" ಎಂದನು.

ವಿಷಯ ಹೀಗಿತ್ತು. ಒಬ್ಬರು ಅಪಘಾತವಾದ ಕಾರೊಂದನ್ನು ಅಗ್ಗಕ್ಕೆ ಕೊಂಡು ಅವನ ಶೆಡ್ಡಿಗೆ ತಂದಿದ್ದಾರೆ. ಹಿಂದಿನ ಎಡಭಾಗ, ಅಂದರೆ ಬಾಗಿಲಿನಿಂದ ಡಿಕ್ಕಿಯವರೆಗಿನ ಕ್ವಾರ್ಟರ್ ಪ್ಯಾನೆಲ್, ಪೂರ್ತಿ ಜಜ್ಜಿಹೋಗಿದೆ. ಅದನ್ನು ಕತ್ತರಿಸಿ ತೆಗೆದು, ಗುಜರಿಯಿಂದ ತಂದ ಇನ್ನೊಂದು ಕಾರಿನ ತುಂಡನ್ನು ಬೆಸೆದು, ಪುಟ್ಟಿ ತುಂಬಿ, ಬಣ್ಣ ಹೊಡೆದು ಕೊಡಬೇಕು. ಒಳಗಿನ ಕೆಲಸ ಹೇಗಿದ್ದರೂ ಚಿಂತೆಯಿಲ್ಲ, ಹೊರಗಿನಿಂದ ಗೊತ್ತಾಗಬಾರದು. ಆಮೇಲೆ ಅದು 'ನಾನ್ ಆಕ್ಸಿಡೆಂಟ್' ಗಾಡಿ ಎಂದು ಮಾರಾಟವಾಗುತ್ತದೆ.

"ನನ್ನ ಕೆಲಸ ಬೆಸುಗೆಯವರೆಗೆ ಮಾತ್ರ. ಮಾರುವಾಗ ಸುಳ್ಳು ಹೇಳುವವರು ಅವರು. ಅದರಲ್ಲಿ ನನಗೂ ಪಾಲಿದೆಯೇ ಹಜ್ರತ್?"

ನಾನು ಆ ದಿನ ಅವನಿಗೆ ಕೂಡಲೇ ಉತ್ತರಿಸಲಿಲ್ಲ. ವಿಧಿ ತಿಳಿಯದೆ ಇದ್ದುದಲ್ಲ. ಅವನ ಪ್ರಶ್ನೆ ನನ್ನದೇ ಒಂದು ಹಳೆಯ ಗಾಯವನ್ನು ಮುಟ್ಟಿತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ಈ ಕೆಲಸವೆಂದರೇನು ಎಂಬುದನ್ನು ನಾವು ಅರಿತುಕೊಳ್ಳಬೇಕು. ಏಕೆಂದರೆ ಕೆಲಸದ ಸ್ವರೂಪವನ್ನು ತಿಳಿಯದೆ ಅದರ ಹಲಾಲ್ ಹರಾಮ್‌ಗಳನ್ನು ಹೇಳಹೊರಡುವುದು ವಿವೇಕವಲ್ಲ.

ನಲ್ಲೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಇಲ್ಲಿನ ಪುರಾತನ ಹುಣಸೆ ತೋಪು. 2007ರಲ್ಲಿ ಅದು ಭಾರತದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅದರ ಮರುವರ್ಷ, 2008ರ ಮೇ ತಿಂಗಳಲ್ಲಿ, ನಮ್ಮ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಅಂದಿನಿಂದ ಈ ಸೀಮೆಯ ರಸ್ತೆಗಳ ಚಹರೆಯೇ ಬದಲಾಗಿದೆ. ರೇಷ್ಮೆ, ದ್ರಾಕ್ಷಿ, ಚಕ್ಕೋತದ ಸೀಮೆಯಲ್ಲಿ ಈಗ ಹಗಲಿರುಳೂ ಟ್ಯಾಕ್ಸಿಗಳು ಓಡುತ್ತವೆ, ಟಿಪ್ಪರ್‌ಗಳು ಓಡುತ್ತವೆ. ಗಾಡಿಗಳು ಹೆಚ್ಚಿದಂತೆ ಪೆಟ್ಟುಗಳೂ ಹೆಚ್ಚುತ್ತವೆ, ಪೆಟ್ಟು ಸರಿಪಡಿಸುವ ಶೆಡ್ಡುಗಳೂ ಹೆಚ್ಚುತ್ತವೆ. ಆ ಶೆಡ್ಡುಗಳಲ್ಲಿ ಸುತ್ತಿಗೆ ಹಿಡಿದವರಲ್ಲಿ ನಮ್ಮ ಸಮುದಾಯದ ಯುವಕರು ಬಹಳ ಮಂದಿ. ಆದುದರಿಂದ ಇದು ಒಬ್ಬ ಹುಡುಗನ ಪ್ರಶ್ನೆಯಷ್ಟೇ ಅಲ್ಲ.

ಕಾರಿನ ಮೈಯಲ್ಲಿ ಎರಡು ಬಗೆಯ ಭಾಗಗಳಿವೆ. ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳ, ಹೆಚ್ಚಿನ ಕಾರುಗಳಲ್ಲಿ ಮುಂದಿನ ಫೆಂಡರ್, ಇವು ಬೋಲ್ಟು ಬಿಚ್ಚಿ ಬದಲಾಯಿಸಬಹುದಾದವು. ಆದರೆ ಹಿಂದಿನ ಕ್ವಾರ್ಟರ್ ಪ್ಯಾನೆಲ್, ಮೇಲ್ಛಾವಣಿ, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್, ಪಿಲ್ಲರ್‌ಗಳು ಹಾಗಲ್ಲ. ಇಂದಿನ ಬಹುತೇಕ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ತುಂಡುಗಳನ್ನೇ ಸಾವಿರಾರು ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳಿಂದ ಜೋಡಿಸಿ ಕಟ್ಟಿದ ಒಂದೇ ಪೆಟ್ಟಿಗೆ ಅದು. ಮೈಯೇ ಅದರ ಬೆನ್ನೆಲುಬು. ಹೊರಗಿನ ತಗಡಿನ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ, ಸಾಮಾನ್ಯವಾಗಿ 0.7 ಮಿಲಿಮೀಟರಿನ ಆಸುಪಾಸು. ಆ ತೆಳು ತಗಡುಗಳು ಕೂಡಿ ನಿಂತಾಗ ಮಾತ್ರ ಬಲ.

ಇಂಥ ಭಾಗವನ್ನು ಬದಲಾಯಿಸುವುದು ಹೇಗೆಂದು ಆ ಯುವಕನೇ ನನಗೆ ಶೆಡ್ಡಿನಲ್ಲಿ ತೋರಿಸಿದನು. ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಸೀಟು, ಕಾರ್ಪೆಟ್ಟು, ಒಳಗಿನ ಹೊದಿಕೆ, ವೈರುಗಳನ್ನು ಬಿಚ್ಚಿ ದೂರ ಇಡಬೇಕು. ಪೆಟ್ರೋಲ್ ಟ್ಯಾಂಕಿನ ಕೊಳವೆ ಹತ್ತಿರವಿದ್ದರೆ ಅದನ್ನೂ ತೆಗೆಯಬೇಕು. ನಂತರ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಹುಡುಕಿ, ಕೆಳಗಿನ ತಗಡಿಗೆ ಪೆಟ್ಟಾಗದಂತೆ ಡ್ರಿಲ್ ಮಾಡಬೇಕು. ಕತ್ತರಿಸುವ ಗೆರೆಯನ್ನು ಕಾರು ತಯಾರಿಸಿದ ಕಂಪನಿಯ ದುರಸ್ತಿ ಕೈಪಿಡಿ ತೋರಿಸಿದಲ್ಲಿಯೇ ಎಳೆಯಬೇಕು. ಹೊಸ ತುಂಡನ್ನು ಇಟ್ಟು, ಬೆಸೆಯುವ ಮುನ್ನವೇ ಬಾಗಿಲು ಹಾಕಿ, ಡಿಕ್ಕಿ ಮುಚ್ಚಿ, ದೀಪ ಕೂರಿಸಿ, ಎಲ್ಲ ಕಡೆಯ ಸಂದು ಸಮನಾಗಿದೆಯೇ ಎಂದು ನೋಡಬೇಕು.

ಅನಂತರ ಬೆಸುಗೆ. ಗ್ಯಾರೇಜಿನವರು 'ಸಿಒಟು' ಎಂದು ಕರೆಯುವ ಮಿಗ್ ವೆಲ್ಡಿಂಗ್‌ನಲ್ಲಿ ಇಲ್ಲೊಂದು ಬೆರಳಷ್ಟು, ಅಲ್ಲೊಂದು ಬೆರಳಷ್ಟು ಹೊಲಿದಂತೆ ಹಾಕುತ್ತ ಹೋಗಬೇಕು. ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಹಳೆಯ ಗ್ಯಾಸ್ ವೆಲ್ಡಿಂಗ್‌ನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಅದರ ಜ್ವಾಲೆ ಸುತ್ತಲಿನ ಲೋಹವನ್ನೆಲ್ಲ ಕಾಯಿಸಿ ಅದರ ಗುಣವನ್ನೇ ಕೆಡಿಸುತ್ತದೆ. ಕೆಲವು ಪಿಲ್ಲರ್‌ಗಳಲ್ಲಿ ಬಳಸುವ ಉಕ್ಕು ಸಾಧಾರಣ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಕಾರು ಮಗುಚಿದಾಗ, ಪಕ್ಕದಿಂದ ಪೆಟ್ಟು ಬಿದ್ದಾಗ ಒಳಗಿನವರನ್ನು ಉಳಿಸುವುದೇ ಅದು. ಅದನ್ನು ಮನಬಂದಲ್ಲಿ ಕತ್ತರಿಸಿ ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದರೆ ಆ ಬಲ ಹೋಗುತ್ತದೆ, ಆದರೆ ನೋಟಕ್ಕೆ ಪಿಲ್ಲರ್ ಹಾಗೆಯೇ ನಿಂತಿರುತ್ತದೆ. 2023ರಿಂದ ನಮ್ಮ ದೇಶದಲ್ಲಿಯೇ ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷೆ ನಡೆದು ಕಾರುಗಳಿಗೆ ನಕ್ಷತ್ರಗಳು ದೊರೆಯುತ್ತಿವೆ. ಆ ನಕ್ಷತ್ರಗಳು ಕಾರ್ಖಾನೆ ಕಟ್ಟಿದ ಮೈಗೆ ಸೇರಿದವು. ಯಾರೋ ಅರ್ಧ ದಿನದಲ್ಲಿ ಬೆಸೆದು ಕೊಟ್ಟ ಮೈಗೆ ಅಲ್ಲ.

ಬೆಸುಗೆ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬೆಸುಗೆಯ ಬಿಸಿಗೆ ಉಕ್ಕಿನ ಮೇಲಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಅಲ್ಲಿ ತುಕ್ಕು ಹಿಡಿಯದಂತೆ ಪ್ರೈಮರ್ ಹಚ್ಚಬೇಕು, ಸಂದುಗಳಿಗೆ ಸೀಲರ್ ತುಂಬಬೇಕು, ಕೈ ಹೋಗದ ಒಳಟೊಳ್ಳಿಗೆ ಮೇಣ ಸಿಂಪಡಿಸಬೇಕು. ಪುಟ್ಟಿ ಮತ್ತು ಬಣ್ಣದ ಸರದಿ ಇದೆಲ್ಲದರ ನಂತರ.

ಓದುಗರೇ, ಗಮನಿಸಿ. ಈ ಕೆಲಸದಲ್ಲಿ ಯಾವುದು ಜೀವ ಉಳಿಸುತ್ತದೆಯೋ ಅದೆಲ್ಲವೂ ಕಣ್ಣಿಗೆ ಕಾಣದ್ದು. ಕಣ್ಣಿಗೆ ಕಾಣುವುದು ಬಣ್ಣ ಮಾತ್ರ, ಅದು ಯಾರನ್ನೂ ಉಳಿಸುವುದಿಲ್ಲ. ಅಲ್ಲಾಹನ ಭಯವಿಲ್ಲದವನಿಗೆ ಇದಕ್ಕಿಂತ ಸುಲಭದ ಮೋಸವಿಲ್ಲ. ಅಲ್ಲಾಹನ ಭಯವುಳ್ಳವನಿಗೆ ಇದಕ್ಕಿಂತ ಕಠಿಣವಾದ ಅಮಾನತ್ ಇಲ್ಲ.

ಕಬ್ಬಿಣದ ಕೆಲಸವನ್ನು ನಮ್ಮ ಧರ್ಮ ಕೀಳೆಂದು ಎಂದೂ ಎಣಿಸಿಲ್ಲ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದು ಪವಿತ್ರ ಕುರ್‌ಆನಿನ 'ಸಬಾ' ಅಧ್ಯಾಯ ತಿಳಿಸುತ್ತದೆ. ಅಲ್ಲಿಯೇ ಅವರಿಗೆ ದೊರೆತ ಆದೇಶವು ಬಹಳ ಸೂಕ್ಷ್ಮವಾದುದು. ಕವಚಗಳನ್ನು ಮಾಡಬೇಕು ಎಂದಷ್ಟೇ ಹೇಳಿ ಬಿಡಲಿಲ್ಲ. ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದು ಹೇಳಿ, ಅದರ ಬೆನ್ನಿಗೇ ಸತ್ಕರ್ಮವನ್ನೂ ಆದೇಶಿಸಲಾಯಿತು. ಒಬ್ಬ ಪ್ರವಾದಿಗೆ ಜೋಡಣೆಯ ಅಳತೆಯ ಬಗ್ಗೆ ಆದೇಶ! ಕವಚ ಧರಿಸುವವನು ಕೊಂಡಿಗಳನ್ನು ಎಣಿಸಿ ನೋಡಲಾರನು. ಒಂದು ಕೊಂಡಿ ಸಡಿಲವಾಗಿದ್ದರೆ ಅದು ಅವನಿಗೆ ಗೊತ್ತಾಗುವುದು ಈಟಿ ಒಳಹೊಕ್ಕಾಗ. ಇಂದು ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವನಿಗೆ ಕಾರಿನ ಮೈಯೇ ಕವಚ. ಅದನ್ನು ಬೆಸೆಯುವ ಹುಡುಗನು ದಾವೂದ್(ಅ)ರ ಕಸುಬಿನ ವಾರಸುದಾರನು.

ಹಾಗಾದರೆ ಕತ್ತರಿಸಿ ಬೆಸೆಯುವುದು ತಪ್ಪೇ? ಖಂಡಿತ ಅಲ್ಲ. ಕೆಟ್ಟ ಭಾಗಕ್ಕಾಗಿ ಇಡೀ ವಾಹನವನ್ನು ಎಸೆಯುವುದು ದುಂದುಗಾರಿಕೆ. ಸರಿಯಾಗಿ ಮಾಡಿದ ದುರಸ್ತಿ ಒಂದು ಉಪಕಾರವೇ. ತಪ್ಪು ಆರಂಭವಾಗುವುದು ಎರಡು ಕಡೆ. ಕಾಣುವುದಿಲ್ಲವೆಂದು ಒಳಗಿನ ಕೆಲಸವನ್ನು ಕೆಡಿಸುವುದು ಮೊದಲನೆಯದು. ಮಾಡಿದ ದುರಸ್ತಿಯನ್ನು ಕೊಳ್ಳುವವನಿಂದ ಮುಚ್ಚಿಡುವುದು ಎರಡನೆಯದು.

ಮದೀನಾದ ಮಾರುಕಟ್ಟೆಯ ಘಟನೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರವಾದಿ ಮುಹಮ್ಮದ್(ಸ)ರು ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳುಗಳಿಗೆ ಒದ್ದೆ ತಗುಲಿತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಸಬೂಬು ಹೇಳಿದನು. ಜನರು ನೋಡುವಂತೆ ಒದ್ದೆಯಾದುದನ್ನು ಮೇಲಕ್ಕೆ ಹಾಕಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಎಚ್ಚರಿಕೆಯನ್ನೂ ನೀಡಿದರು. ಗಮನಿಸಬೇಕಾದ ಅಂಶವೆಂದರೆ, ಒದ್ದೆಯಾದ ಧಾನ್ಯವನ್ನು ಮಾರಬೇಡವೆಂದು ಅವರು ಹೇಳಲಿಲ್ಲ. ಕಾಣುವಂತೆ ಇಟ್ಟು ಮಾರು ಎಂಬುದೇ ಅದರ ಇಂಗಿತ. ಪೆಟ್ಟು ತಿಂದ ಕಾರಿಗೂ ಇದೇ ನಿಯಮ.

ಇನ್ನು ಆ ಯುವಕನ ಪ್ರಶ್ನೆ. ಮಾರುವವನು ಬೇರೆ, ಬೆಸೆಯುವವನು ಬೇರೆ. ಹೇಳುವ ಹೊಣೆ ಯಾರದು? ಇದಕ್ಕೆ ಉತ್ತರ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿ ವರದಿಯಾದ ಒಂದು ಪ್ರಸಂಗದಲ್ಲಿದೆ. ಒಬ್ಬ ವ್ಯಕ್ತಿ ಹೆಣ್ಣೊಂಟೆಯೊಂದನ್ನು ಕೊಂಡು ಹೊರಟಿದ್ದನು. ಪ್ರವಾದಿ(ಸ)ರ ಅನುಚರರಾದ ವಾಸಿಲಾ(ರ)ರು ಅವನ ಹಿಂದೆ ಬಂದು, ಇದು ಸವಾರಿಗೋ ಮಾಂಸಕ್ಕೋ ಎಂದು ವಿಚಾರಿಸಿದರು. ಹಜ್ಜ್ ಯಾತ್ರೆಗೆಂದು ಅವನು ಹೇಳಿದಾಗ, ಒಂಟೆಯ ಪಾದದಲ್ಲಿ ತೂತಿದೆಯೆಂದು ತಿಳಿಸಿದರು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಮಾರಿದವನು ಆಕ್ಷೇಪಿಸಿದನು. ಆಗ ಅವರು ಪ್ರವಾದಿ(ಸ)ರಿಂದ ತಾವು ಕೇಳಿದ ಬೋಧನೆಯನ್ನು ನೆನಪಿಸಿದರು. ಮಾರುವವನು ದೋಷವನ್ನು ತಿಳಿಸದಿರುವುದು ಹೇಗೆ ಧರ್ಮಸಮ್ಮತವಲ್ಲವೋ, ದೋಷ ಗೊತ್ತಿದ್ದವನು ಅದನ್ನು ತಿಳಿಸದಿರುವುದೂ ಹಾಗೆಯೇ ಧರ್ಮಸಮ್ಮತವಲ್ಲ ಎಂಬುದು ಅದರ ಸಾರ.

ಗೊತ್ತಿದ್ದವನು! ಬಣ್ಣದ ಕೆಳಗೆ ಏನಿದೆಯೆಂದು ಬೆಸೆದವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸವಾರಿಗೋ ಮಾಂಸಕ್ಕೋ ಎಂಬ ಪ್ರಶ್ನೆಯೂ ಎಷ್ಟು ಅರ್ಥಪೂರ್ಣ! ಗುಜರಿಗೆ ಹೋಗುವ ಕಾರಿನ ಬೆಸುಗೆ ಯಾರಿಗೂ ಬೇಡ. ಜನರನ್ನು ಹೊತ್ತು ಓಡುವ ಕಾರಿನ ಬೆಸುಗೆ ಎಲ್ಲರಿಗೂ ಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಅರಿಯುವುದು ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಗೊತ್ತಿರುವ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿ ಇನ್ನೊಬ್ಬನನ್ನು ಮೋಸಗೊಳಿಸುವುದು ವಂಚನೆ. ಆದರೆ ಮಾತನಾಡಲೇಬೇಕಾದ ಕರ್ತವ್ಯವಿದ್ದ ಸಂದರ್ಭಗಳನ್ನು ಬಿಟ್ಟರೆ, ಬರಿಯ ಮೌನ ವಂಚನೆಯಾಗುವುದಿಲ್ಲ. ಕೊಳ್ಳುವವನು ತಾನೇ ಎಚ್ಚರದಿಂದಿರಬೇಕೆಂಬ ತತ್ವ 1930ರ ಸರಕು ಮಾರಾಟ ಕಾಯ್ದೆಯಲ್ಲೂ ಇದೆ. ಶರೀಅತ್ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೋಷವನ್ನು ತಿಳಿಸುವ ಹೊಣೆಯನ್ನು ಅದು ಮಾರುವವನ ಮೇಲೆ ಹೊರಿಸುತ್ತದೆ; ಮುಚ್ಚಿಟ್ಟ ದೋಷ ಬೆಳಕಿಗೆ ಬಂದರೆ ಸರಕನ್ನು ಹಿಂದಿರುಗಿಸುವ ಹಕ್ಕನ್ನು ಕೊಂಡವನಿಗೆ ಕೊಡುತ್ತದೆ. ನ್ಯಾಯಾಲಯದಲ್ಲಿ ಮೌನಕ್ಕೆ ರಕ್ಷಣೆ ಸಿಗಬಹುದು. ಅಲ್ಲಾಹನ ಸನ್ನಿಧಿಯಲ್ಲಿ ಸಿಗಲಾರದು.

ಈಗ ನನ್ನ ಗಾಯದ ಮಾತು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಆದರೆ ಮೌನದ ವಿರುದ್ಧ ಬರೆಯುವವನು ತನ್ನ ಮೌನವನ್ನು ಬಚ್ಚಿಡುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಹಳೆಯ ಕಾರೊಂದಿತ್ತು. ನಿಲ್ಲಿಸಿದ್ದ ಕಾರಿನ ಹಿಂಭಾಗಕ್ಕೆ ಲಾರಿಯೊಂದು ತಾಗಿ ಎಡಗಡೆಯ ಪ್ಯಾನೆಲ್ ಹಾಳಾಯಿತು. ನಾನು ನಾಲ್ಕು ಗ್ಯಾರೇಜು ಸುತ್ತಿ, ಎಲ್ಲರಿಗಿಂತ ಕಡಿಮೆ ಹೇಳಿದವನಲ್ಲಿ ಚೌಕಾಸಿ ಮಾಡಿ, ಇನ್ನೂ ಕಡಿಮೆಗೆ ಕೆಲಸ ಮಾಡಿಸಿದೆ. ಅವನು ಏನನ್ನು ಬಿಟ್ಟನೆಂದು ನಾನು ಕೇಳಲಿಲ್ಲ. ಮೊದಲ ಮಳೆಗಾಲದಲ್ಲಿಯೇ ಡಿಕ್ಕಿಯೊಳಗೆ ನೀರು ಜಿನುಗಿತು. ಗೋಣಿಚೀಲ ಹಾಸಿದೆ. ಮುಂದಿನ ಮಳೆಗಾಲ ಬರುವ ಮೊದಲು ಕಾರನ್ನು ಮಾರಿಬಿಟ್ಟೆ.

ಕೊಂಡವರು ತರಕಾರಿ ವ್ಯಾಪಾರದ ಒಬ್ಬ ಸಭ್ಯ ಗೃಹಸ್ಥರು. ಡಿಕ್ಕಿಯನ್ನು ತೆರೆದೂ ನೋಡಲಿಲ್ಲ. "ಹಜ್ರತ್ ಓಡಿಸಿದ ಗಾಡಿ, ಇನ್ನೇನು ನೋಡುವುದು?" ಎಂದು ನಕ್ಕು ಹಣ ಎಣಿಸಿದರು. ನನ್ನ ಟೋಪಿ, ನನ್ನ ಗಡ್ಡ, ನಾನು ಮಕ್ಕಳಿಗೆ ಕಲಿಸುವ ಕಿತಾಬುಗಳನ್ನು ನಂಬಿ ಅವರು ಕಣ್ಣು ಮುಚ್ಚಿ ಕೊಂಡರು. ನಾನು ಒಂದೂ ಸುಳ್ಳು ಹೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದೇ ಮಾತಿನಿಂದ ನನ್ನನ್ನು ನಾನು ಇಷ್ಟು ವರ್ಷ ಸಮಾಧಾನಪಡಿಸಿಕೊಂಡಿದ್ದೆ. ಆ ಯುವಕನ ಪ್ರಶ್ನೆಯ ಮುಂದೆ ಆ ಸಮಾಧಾನ ನಿಲ್ಲಲಿಲ್ಲ.

ಮರುದಿನವೇ ಆ ವ್ಯಾಪಾರಿಯನ್ನು ಹುಡುಕಿಕೊಂಡು ಹೋದೆ. ಎಲ್ಲವನ್ನೂ ಹೇಳಿ, ನಷ್ಟ ಭರಿಸುತ್ತೇನೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ನೀರು ಬರುತ್ತಿತ್ತು ಹಜ್ರತ್. ಕಾರ್ಪೆಟ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ನಿಮಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ" ಎಂದರು. ಕಾರು ಎಲ್ಲಿದೆ ಎಂದು ಕೇಳಿದೆ. "ಬ್ರೋಕರ್ ಒಬ್ಬನಿಗೆ ಕೊಟ್ಟುಬಿಟ್ಟೆ. ಅವನೂ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ" ಎಂದರು. ಹಣ ಮುಟ್ಟಲಿಲ್ಲ. ಬ್ರೋಕರನು ಅದನ್ನು ಬೇರೆ ಜಿಲ್ಲೆಯ ಇನ್ಯಾರಿಗೋ ಮಾರಿದ್ದನು. ಅಲ್ಲಿಂದ ಮುಂದೆ ದಾರಿ ಸಿಗಲಿಲ್ಲ.

ಇಮಾಮ್ ಅಬೂ ಹನೀಫಾ(ರ)ರು ಬಟ್ಟೆಯ ವ್ಯಾಪಾರಿಯಾಗಿದ್ದರು. ಅವರ ಪಾಲುದಾರರು ದೋಷವಿದ್ದ ಬಟ್ಟೆಯೊಂದನ್ನು ತಿಳಿಸಲು ಮರೆತು ಮಾರಿದಾಗ, ಕೊಂಡವನು ಯಾರೆಂದು ತಿಳಿಯದೆ, ಆ ಸರಕಿನಿಂದ ಬಂದ ಹಣವನ್ನೆಲ್ಲ ಇಮಾಮರು ದಾನ ಮಾಡಿದರೆಂದು ಅವರ ಚರಿತ್ರೆಗಳು ಹೇಳುತ್ತವೆ. ನಾನೂ ಕೈಲಾದಷ್ಟು ಹಣವನ್ನು, ಗುರುತಿಲ್ಲದ ಆ ಮಾಲೀಕನ ಹೆಸರಿನಲ್ಲಿ ಸದಕಾ ಮಾಡಿದೆ. ಆದರೆ ದೋಷವಿದ್ದ ಬಟ್ಟೆ ಯಾರ ಜೀವವನ್ನೂ ತೆಗೆಯುವುದಿಲ್ಲ. ಎಲ್ಲಿಯೋ ಒಂದು ರಸ್ತೆಯಲ್ಲಿ ಯಾರದೋ ಮಕ್ಕಳು ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿರುತ್ತಾರೆ. ನನ್ನ ಸದಕಾ ಆ ತುಕ್ಕನ್ನು ನಿಲ್ಲಿಸಲಾರದು. ಸಮಯಕ್ಕೆ ಸರಿಯಾಗಿ ಆಡದ ಒಂದು ಮಾತನ್ನು ಆಮೇಲೆ ಎಷ್ಟು ಬೆಲೆ ಕೊಟ್ಟರೂ ಆಡಲಾಗುವುದಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ಆದುದರಿಂದ ಸಹೋದರರೇ, ನನ್ನ ಕೋರಿಕೆಗಳು ಇವು.

ಬೆಸುಗೆಯ ಕೆಲಸ ಮಾಡುವ ಯುವಕರೇ, ಬಣ್ಣ ಹೊಡೆಯುವ ಮುನ್ನ ಪ್ರತಿಯೊಂದು ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಬಿಲ್ಲಿನಲ್ಲಿ 'ಟಿಂಕರಿಂಗ್, ಪೇಂಟಿಂಗ್' ಎಂದಷ್ಟೇ ಬರೆಯದೆ, ಯಾವ ಭಾಗವನ್ನು ಎಲ್ಲಿ ಕತ್ತರಿಸಿ ಯಾವ ವಿಧದ ಬೆಸುಗೆ ಹಾಕಿದಿರೆಂದು ಬರೆಯಿರಿ. ಕಾಗದದ ಮೇಲಿನ ಎರಡು ಸಾಲು ನಿಮ್ಮ ಸಾಕ್ಷಿಯಾಗುತ್ತದೆ. ನಿಮ್ಮ ದೇಹವೂ ಒಂದು ಅಮಾನತ್ ಎಂಬುದನ್ನು ಮರೆಯಬೇಡಿ. ಸತು ಲೇಪಿತ ತಗಡಿನ ಹೊಗೆ ಜ್ವರ ತರಿಸುತ್ತದೆ. ಮುಖಕವಚ, ಮಾಸ್ಕ್, ಬೆಂಕಿ ಆರಿಸುವ ಸಾಧನವಿಲ್ಲದೆ ಕೆಲಸಕ್ಕೆ ಇಳಿಯಬೇಡಿ.

ಕಾರಿನ ಮಾಲೀಕರೇ, ಚೌಕಾಸಿ ಮಾಡುವಾಗ ಒಂದು ಕ್ಷಣ ಯೋಚಿಸಿ. ನೀವು ಕಡಿಮೆ ಮಾಡಿಸಿದ ಹಣಕ್ಕೆ ಬಣ್ಣ ಕಡಿಮೆಯಾಗುವುದಿಲ್ಲ, ಒಳಗಿನ ಪ್ರೈಮರ್, ಸೀಲರ್, ಮೇಣ ಕಡಿಮೆಯಾಗುತ್ತವೆ. ಮಾರುವ ದಿನ ಆ ಬಿಲ್ಲನ್ನು ಕಾರಿನ ಕಾಗದಗಳೊಂದಿಗೆ ಕೊಳ್ಳುವವರ ಕೈಗೆ ಕೊಡಿ. ಬೆಲೆ ಇಳಿಯಬಹುದು. ಸತ್ಯ ಹೇಳಿ ದೋಷ ತಿಳಿಸಿದವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟವರ ವ್ಯಾಪಾರದಿಂದ ಅದು ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕೊಳ್ಳುವವರೂ ಯಾರ ಟೋಪಿ ಗಡ್ಡವನ್ನೂ ನೋಡಿ ಮೋಸಹೋಗದೆ, ಬಾಗಿಲು ಮತ್ತು ಡಿಕ್ಕಿಯ ರಬ್ಬರ್ ಬೀಡಿಂಗ್ ಸರಿಸಿ ಕಾರ್ಖಾನೆಯ ಬೆಸುಗೆಯ ಗುಂಡು ಗುರುತುಗಳಿವೆಯೇ ನೋಡಿರಿ, ಪ್ಯಾನೆಲ್ಲಿನ ಮೇಲೆ ಅಯಸ್ಕಾಂತ ಇಟ್ಟು ನೋಡಿರಿ. ಉಕ್ಕಿನ ತಗಡಿನ ಮೇಲೆ ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯುವುದಿಲ್ಲ.

ಜಮಾಅತಿನ ಹಿರಿಯರಲ್ಲಿ ಒಂದು ಮಾತು. ಓದು ಬಿಟ್ಟ ಹುಡುಗರನ್ನು 'ಗ್ಯಾರೇಜಿಗೆ ಹಾಕಿದ್ದೇವೆ' ಎಂದು ಕೈತೊಳೆದುಕೊಳ್ಳುವುದು ಸಾಲದು. ಕಾರಿನ ಮೈ ದುರಸ್ತಿಗೆಂದೇ ಐಟಿಐ ಶಿಕ್ಷಣದಲ್ಲಿ ಒಂದು ವೃತ್ತಿ ತರಬೇತಿ ಇದೆ. ಆ ಕಡೆಗೆ ಅವರನ್ನು ಕಳುಹಿಸುವ, ಕಲಿತು ಬಂದವರಿಗೆ ಒಳ್ಳೆಯ ವೆಲ್ಡಿಂಗ್ ಯಂತ್ರ ಕೊಳ್ಳಲು ಬಡ್ಡಿರಹಿತ ಸಾಲ ಕೊಡುವ ಕೆಲಸವನ್ನು ನಾವು ಏಕೆ ಮಾಡಬಾರದು?

ಆ ಯುವಕನ ಕಥೆಯನ್ನು ಮುಗಿಸುತ್ತೇನೆ. ಒಂದು ವಾರದ ನಂತರ ಅವನಿಗೆ ಉತ್ತರ ಹೇಳಿದೆ, ನನ್ನ ಕಥೆಯನ್ನೂ ಹೇಳಿದೆ. ಅವನು ಕಾರು ತಂದವರಿಗೆ, "ಕೆಲಸ ಸರಿಯಾಗಿ ಮಾಡಿಕೊಡುತ್ತೇನೆ, ಆದರೆ ಬಿಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ" ಎಂದನಂತೆ. ಅವರು ಅಂದೇ ಕಾರನ್ನು ಎಳೆಸಿಕೊಂಡು ಇನ್ನೊಂದು ಶೆಡ್ಡಿಗೆ ಹೋದರು. ಅವನ ಆ ತಿಂಗಳ ಬಾಡಿಗೆ ಅದರಿಂದಲೇ ಹುಟ್ಟಬೇಕಿತ್ತು. "ಪರವಾಗಿಲ್ಲ ಹಜ್ರತ್, ನಿದ್ದೆ ಬರುತ್ತದೆ" ಎಂದು ಅವನು ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಪ್ರಾಮಾಣಿಕನಾಗಿರು ಎಂದು ಮಿಂಬರಿನ ಮೇಲಿಂದ ಹೇಳುವುದು ಸುಲಭ. ಪ್ರಾಮಾಣಿಕತೆಯಿಂದ ನಷ್ಟ ಹೊಂದಿದವನ ಶೆಡ್ಡಿಗೆ ನಮ್ಮ ಕಾರನ್ನು ಕೊಂಡೊಯ್ಯುವುದೂ ಅಷ್ಟೇ ದೊಡ್ಡ ಧರ್ಮ. ಅದನ್ನು ನಾವು ಮಾಡದಿದ್ದರೆ, ಮುಂದಿನ ಬಾರಿ ಅವನು ಪ್ರಶ್ನೆ ಕೇಳಲು ಮಸೀದಿಗೆ ಬರಲಾರನು.

ನಮ್ಮ ಹುಣಸೆ ತೋಪಿನ ಮುದಿಮರಗಳನ್ನು ನೋಡಿದವರಿಗೆ ಗೊತ್ತು. ಕಾಂಡ ಟೊಳ್ಳಾಗಿದೆ, ಸೀಳಿದೆ, ಕೊಂಬೆಗಳು ನೆಲಕ್ಕೊರಗಿವೆ. ಯಾವುದನ್ನೂ ಅವು ಮುಚ್ಚಿಟ್ಟಿಲ್ಲ. ಆದರೂ ಚಿಗುರುತ್ತವೆ, ಕಾಯಿ ಬಿಡುತ್ತವೆ. ಪೆಟ್ಟು ತಿನ್ನುವುದು ನಾಚಿಕೆಯ ವಿಷಯವಲ್ಲ, ಕಾರಿಗೂ ಅಲ್ಲ, ಮನುಷ್ಯನಿಗೂ ಅಲ್ಲ.

ನಮ್ಮ ಕೈಗಳ ದುಡಿಮೆಯನ್ನು ಅಲ್ಲಾಹನು ಶುದ್ಧಗೊಳಿಸಲಿ. ನಾವು ಮುಚ್ಚಿಟ್ಟ ದೋಷಗಳನ್ನು ಸಮಯ ಮೀರುವ ಮುನ್ನ ತಿಳಿಸುವ ಧೈರ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಮೌನದಿಂದ ಯಾರಿಗೂ ಹಾನಿಯಾಗದಂತೆ ಕಾಪಾಡಲಿ. ಆಮೀನ್.